ಅಟ್ಟದ ಹೆಸರುಗಳು

"ಎಪ್ಪತ್ತೆರಡು ಹೆಸರು ಆಯ್ತು ದೂಜಣ್ಣ, ಈಗ ಸಬ್ಮಿಟ್ ಮಾಡ್ತೇನೆ," ಎಂದು ನಮಿತಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಪುಟ ಒಮ್ಮೆ ಮಾಯವಾಗಿ ಮರಳಿ ಬಂತು. 'ಒಬ್ಬರ ಊರು ಬರೆದಿಲ್ಲ' ಎಂಬ ಕೆಂಪಕ್ಷರದ ಕೆಳಗೆ ಮೂರೇ ಸಾಲು ಉಳಿದಿದ್ದವು.

ಮಾಟುಂಗದಲ್ಲಿ ಅವಳ ಅಜ್ಜ ತೆರೆದ ಹೋಟೆಲಿನ ಕಟ್ಟಡವನ್ನು ಮುಂದಿನ ವಾರ ಕೆಡವುವವರಿದ್ದರು. ಅಲ್ಲಿ ದುಡಿದವರ ಹೆಸರನ್ನೆಲ್ಲ ಹೊಸ ಗೋಡೆಯ ಕಲ್ಲಿನಲ್ಲಿ ಕೆತ್ತಿಸಬೇಕೆಂದು ಅಪ್ಪನ ಹಟ. ಆ ಹೆಸರುಗಳನ್ನು ಬಲ್ಲವರು ನಲವತ್ತೆಂಟು ವರ್ಷ ದೋಸೆಕಲ್ಲಿನ ಮುಂದೆ ನಿಂತ ದೂಜಣ್ಣ ಒಬ್ಬರೇ. ಅವರೋ ನಾಳೆ ಬೆಳಿಗ್ಗೆ ಊರಿನ ರೈಲು ಹತ್ತುವವರು. ಅಂಧೇರಿಯ ಆಫೀಸಿನಲ್ಲಿ ಇಂಥ ಫಾರ್ಮುಗಳನ್ನೇ ಮಾಡಿ ಸಂಬಳ ಎಣಿಸುವ ಜಾಣೆ ನಮಿತಾ, ಈ ಫಾರ್ಮಿನಲ್ಲೂ ಒತ್ತಿದಷ್ಟೂ ಸಾಲು ಬೆಳೆಯುವಂತೆ ಮಾಡಿದ್ದಳು. ಬೆಳೆದ ಸಾಲುಗಳನ್ನೂ ಮರಳಿ ತೋರಿಸಬೇಕೆಂದು ಸರ್ವರ್ ಕಂಪ್ಯೂಟರಿಗೆ ಹೇಳುವುದನ್ನೇ ಮರೆತಿದ್ದಳು. ಮರಳಿ ಕಟ್ಟಲು ಅದಕ್ಕೆ ಗೊತ್ತಿದ್ದದ್ದು ಮೊದಲಿನ ಮೂರು ಸಾಲು ಮಾತ್ರ.

"ಸಾರಿ ದೂಜಣ್ಣ, ಸಬ್ ಚಲಾ ಗಯಾ." ಅವಳಿಗೆ ಅಳುವೇ ಬಂತು.

"ಎಲ್ಲಿಗೆ ಹೋಗ್ತಾರೆ ಮಾರಾಯ್ತಿ? ನೀನು ಅದನ್ನು ಸರಿ ಮಾಡು. ನಾನೊಂದು ಚಾ ಕುಡಿದು ಬರ್ತೇನೆ."

ಎಷ್ಟು ಸಾಲು ಬಂದವೋ ಅಷ್ಟನ್ನೂ ಸರ್ವರ್ ಮತ್ತೆ ಕಟ್ಟಿಕೊಡುವಂತೆ ಅವಳು ತಿದ್ದಿ ಮುಗಿಸುವಷ್ಟರಲ್ಲಿ ದೂಜಣ್ಣ ಬಂದು ಕುಳಿತರು. ತಲೆಯೆತ್ತಿ ಹೋಟೆಲಿನ ಅಟ್ಟದ ಕಡೆ ನೋಡಿದರು.

"ಮೆಟ್ಟಿಲ ಹತ್ತಿರ ಐತ, ಕಾಪು. ಅವನ ಪಕ್ಕ ತ್ಯಾಂಪ, ಹೆಜಮಾಡಿ. ಗೋಡೆ ಬದಿಗೆ ಈಶ್ವರ, ಇಂಡಿ ಊರಿನವ. ಅವನ ಗೊರಕೆ ಜೋರು, ಅದಕ್ಕೇ ಆಚೆಗೆ ಕಿವಿ ಕೇಳದ ಶೀನನನ್ನು ಹಾಕಿದ್ದು."

ರಾತ್ರಿ ಅಟ್ಟದಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಕೆಲಸದವರ ಸಾಲು ಅದು. ಒಬ್ಬ ಬಿಟ್ಟುಹೋದರೆ ಅವನ ಜಾಗಕ್ಕೆ ಬಂದವನು, ಅವನ ನಂತರದವನು. ಮೊದಲ ಸಲ ಹೇಳಿದ್ದ ಅದೇ ಕ್ರಮ, ಅವೇ ಊರುಗಳು. ಒಬ್ಬನೂ ಹಿಂದೆ ಮುಂದೆ ಆಗಲಿಲ್ಲ. ನಮಿತಾ ಟೈಪು ಮಾಡುತ್ತಾ ಹೋದಳು. ಇಷ್ಟು ಜನರನ್ನು ಒಂದು ತಲೆ ಹೊತ್ತುಕೊಂಡು ದಿನವೂ ದೋಸೆ ಹುಯ್ಯುತ್ತಿತ್ತೇ ಎಂದು ಬೆರಗಾದಳು.

ನಲವತ್ತೊಂದನೆಯ ಹೆಸರಿಗೆ ದೂಜಣ್ಣ ಊರು ಸೇರಿಸಲಿಲ್ಲ. "ಬಸು."

"ಊರು?"

"ಮೊದಲ ಸಲ ಖಾಲಿ ಬಿಟ್ಟದ್ದು ಅದನ್ನೇ. ಅವನಿಗೇ ಗೊತ್ತಿರಲಿಲ್ಲ. ಹನ್ನೊಂದು ವರ್ಷ ನನ್ನ ಬಲಕ್ಕೆ ಮಲಗಿದ, ಇಲ್ಲೇ ತೀರಿಹೋದ."

"ಖಾಲಿ ಬಿಟ್ಟರೂ ಚಲೇಗಾ, ನಾನು ಸೆಟ್ ಮಾಡ್ತೇನೆ."

"ಕಲ್ಲಿನಲ್ಲಿ ಖಾಲಿ ಬೇಡ ಮಗಾ. ನನ್ನ ಊರು ಬರಿ. ಪಡುಬಿದ್ರಿ."

ಅವಳು ಬರೆದಳು. "ಮತ್ತೆ?"

"ಮತ್ತೆ ನಾನು."

ಉಳಿದವರನ್ನೂ ಬರೆದು ಮುಗಿಸಿ ಗುಂಡಿ ಒತ್ತಿದಳು. ಎಪ್ಪತ್ತೆರಡು ಮಂದಿಯೂ ಮರಳಿ ಬಂದರು. ದೂಜಣ್ಣ ಕೈಯನ್ನು ಲುಂಗಿಗೆ ಒರಸಿಕೊಂಡು, ಪರದೆಯ ಮೇಲಿದ್ದ ಬಸುವಿನ ಹೆಸರನ್ನು ಮೆಲ್ಲಗೆ ಮುಟ್ಟಿದರು.