ಬ್ಯಾಣದ ನೆಲ್ಲಿ

ತುಳಸಿ ಪೂಜೆಗೆ ಇನ್ನೊಂದೇ ದಿನ ಇತ್ತು. ಸರೋಜಮ್ಮ ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ತಮ್ಮ ಮೊಣಕಾಲಿಗೆ ತಾವೇ ಬೈಯುತ್ತ ಬ್ಯಾಣದ ಏರು ಹತ್ತಿದರು. ಬ್ಯಾಣ, ಅಂದರೆ ಹುಲ್ಲುಗಾವಲು, ಎನ್ನುವುದು ಈಗ ಬಾಯಿಮಾತಿಗೆ ಮಾತ್ರ. ಒಂದು ಕಾಲಕ್ಕೆ ಅರಳಸುರಳಿ ಊರಿನ ಆ ಗುಡ್ಡದ ನೆತ್ತಿಯ ತನಕ ಬರೀ ಹುಲ್ಲು, ಅಲ್ಲಲ್ಲಿ ಒಂದೊಂದು ನೆಲ್ಲಿ ಮರ, ನಡುವೆ ಮೇಯುವ ದನ. ಮಳೆಗಾಲ ಮುಗಿದ ಮೇಲೆ ಅಲ್ಲಿ ಒಣಹುಲ್ಲು ಕೊಯ್ಯುವ ಹೆಂಗಸರ ಹರಟೆ ಕೆಳಗಿನ ಗದ್ದೆಗೆಲ್ಲ ಕೇಳುತ್ತಿತ್ತು. ಗುಡ್ಡಕ್ಕೆ ಬಿದ್ದ ಬಿಸಿಲು ಹುಲ್ಲಾಗಿ, ಹುಲ್ಲು ಹಾಲಾಗಿ, ಸಗಣಿ ಗೊಬ್ಬರವಾಗಿ ಗದ್ದೆಗಿಳಿದು, ಕೊನೆಗೆ ಅನ್ನವಾಗಿ ಅವರ ಬಟ್ಟಲಿಗೇ ಬರುತ್ತಿತ್ತು. ಎಂಥಾ ದಿನಗಳವು!

ಎಲ್ಲಕ್ಕಿಂತ ದೊಡ್ಡ ನೆಲ್ಲಿ ಮರವೊಂದಿತ್ತು. ಮದುವೆಯಾದ ಹೊಸತರಲ್ಲಿ ಗಂಡ ದುಗ್ಗಪ್ಪ ಅದರ ಬುಡದಲ್ಲಿ ಅವರನ್ನು ಕೂರಿಸಿ, ಒಂದು ಕಾಯಿ ತಿನ್ನಿಸಿ, ಚೊಂಬು ಕೈಗಿಟ್ಟು, "ಈಗ ನೀರು ಕುಡಿ. ನೋಡ್ದ್ಯಾ, ನಮ್ಮೂರ ನೀರೇ ಸಿಹಿ!" ಎಂದು ಜಂಬ ಕೊಚ್ಚಿದ್ದರು. ನೆಲ್ಲಿಕಾಯಿ ತಿಂದ ಮೇಲೆ ಯಾವೂರ ನೀರಾದರೂ ಸಿಹಿಯೇ. ಲಂಗ ಹಾಕುವ ಕಾಲದಿಂದಲೂ ಸರೋಜಮ್ಮನಿಗೆ ಅದು ಗೊತ್ತಿತ್ತು. ಆದರೂ, "ಹೌದಲ್ರೀ!" ಎಂದು ಕಣ್ಣರಳಿಸಿದ್ದರು. ತುಳಸಿಯ ಪಕ್ಕ ಕಾಯಿ ತುಂಬಿದ ನೆಲ್ಲಿ ಕೊಂಬೆ ನೆಟ್ಟು ಮದುವೆ ಮಾಡುವುದು ಈ ಕಡೆಯ ಪದ್ಧತಿ. ಅಂದಿನಿಂದ ಪ್ರತಿ ವರ್ಷದ ಕೊಂಬೆಯೂ ಆ ಮರದ್ದೇ.

ದುಗ್ಗಪ್ಪ ತೀರಿಕೊಂಡ ವರ್ಷ ಪಕ್ಕದ ಮನೆ ಗುತ್ಯಮ್ಮನ ದನ ಆ ಮರದ ಕೆಳಕೊಂಬೆಯನ್ನು ಮುರಿದು ಹಾಕಿತು. ಸರೋಜಮ್ಮನಿಗೆ ಗಂಡನ ಕೈಯನ್ನೇ ಮುರಿದಷ್ಟು ಸಂಕಟವಾಯಿತು. ಬಾಯಿಗೆ ಬಂದದ್ದೆಲ್ಲ ಬೈದು, ಇಡೀ ಬ್ಯಾಣಕ್ಕೆ ಮುಳ್ಳುತಂತಿಯ ಬೇಲಿ ಹಾಕಿಸಿದರು. ತಮ್ಮ ದನವನ್ನೂ ಒಳಗೆ ಬಿಡಲಿಲ್ಲ, ಹುಲ್ಲು ಕೊಯ್ಯುವುದನ್ನೂ ನಿಲ್ಲಿಸಿದರು. ಗಂಡ ಬಿಟ್ಟುಹೋದ ಬ್ಯಾಣ ಇದ್ದ ಹಾಗೇ ಇರಬೇಕು ಎಂಬುದೊಂದೇ ಹಟ. ಗುತ್ಯಮ್ಮನ ಜೊತೆ ಮಾತು ಅವತ್ತಿಗೇ ಮುಗಿಯಿತು.

ಆದರೆ ಬ್ಯಾಣ ಇದ್ದ ಹಾಗೆ ಇರಲಿಲ್ಲ. ಮೊದಲು ಹುಲ್ಲು ಎದೆಮಟ್ಟ ಬೆಳೆದಾಗ ಸರೋಜಮ್ಮ ಹಿಗ್ಗಿದರು. ಆಮೇಲೆ ಲಂಟಾನದ ಪೊದೆ ಬಂತು. ಪೊದೆಯ ಮರೆಯಲ್ಲಿ ಮತ್ತಿ, ಹೊನ್ನೆ ಸಸಿಗಳು ತಲೆಯೆತ್ತಿ, ಹದಿನೈದು ವರ್ಷದಲ್ಲಿ ನೆಲ್ಲಿಯನ್ನೂ ಮೀರಿ ಬೆಳೆದವು. ಕಾಯಿ ವರ್ಷವರ್ಷಕ್ಕೂ ಕಡಿಮೆಯಾಗುತ್ತ ಬಂದಿತ್ತು. ಇವತ್ತು ನೋಡಿದರೆ ಅರ್ಧ ಮರ ಒಣಗಿದೆ, ಉಳಿದರ್ಧದಲ್ಲಿ ಹುಡುಕಿದರೂ ಒಂದು ಕಾಯಿ ಇಲ್ಲ. ಸರೋಜಮ್ಮ ಬುಡಕ್ಕೆ ಕೈಯಿಟ್ಟು ನಿಂತರು. ಅಳು ಬಂತು.

ಮನೆಗೆ ಬಂದವರೇ ಸೊಸೆ ದೀಪಶ್ರೀಗೆ ಹೇಳಿದರು: "ನಾಳೆ ಮರ ಕುಯ್ಯೋ ರಾಜುಗೆ ಮೆಷಿನ್ ತಗಂಡು ಬರಕ್ಕೆ ಹೇಳು. ನೆಲ್ಲಿ ಸುತ್ತ ಇರೋ ಮರ ಅಷ್ಟೂ ಕುಯ್ಸಿಬಿಡ್ತೀನಿ."

ದೀಪಶ್ರೀ ಕೋಣಂದೂರಿನಲ್ಲಿ ವಿಜ್ಞಾನದ ಟೀಚರು. "ಮರದ್ದೆಂತ ತಪ್ಪು ಅತ್ತೆ?" ಎಂದಳು. "ದನ ಮೇಯ್ತಿದ್ವು, ನೀವು ಹುಲ್ಲು ಕೊಯ್ತಿದ್ರಿ, ಅದಕ್ಕೇ ಅದು ಬ್ಯಾಣವಾಗಿ ಇತ್ತು. ಬಿಟ್ರೆ ಪೊದೆ ಬರುತ್ತೆ, ಪೊದೆ ಹಿಂದೆ ಮರ ಬರುತ್ತೆ. ನೆಲ್ಲಿಗೆ ಬಿಸಿಲು ಬೇಕು."

"ಹಂಗಾರೆ ಬೇಲಿ ಹಾಕಿ ನಾನೇ ಕೊಂದೆ ಅಂತೀಯಾ?"

ಸರೋಜಮ್ಮ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಕಾಪಾಡಬೇಕು ಅಂತಲೇ ಮಾಡಿದ್ದಲ್ಲವೇ ಎಂಬ ಮಾತು ರಾತ್ರಿಯಿಡೀ ತಲೆಯಲ್ಲಿ ಸುತ್ತುತ್ತಿತ್ತು.

ಮರುದಿನ ಬೆಳಿಗ್ಗೆ ಜಗಲಿಯ ಮೇಲೊಂದು ನೆಲ್ಲಿ ಕೊಂಬೆ ಇತ್ತು, ಗೊಂಚಲು ಗೊಂಚಲು ಕಾಯಿ. ಪುಟ್ಟ ಕಾಯಿ, ತೊಟ್ಟಿನ ಹತ್ತಿರ ತುಸು ಕೆಂಪು. ಆ ಕೆಂಪನ್ನು ಸರೋಜಮ್ಮ ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದರು.

"ಇದು ನಮ್ಮ ಮರದ್ದೇ! ಎಲ್ಲಿ ಸಿಕ್ತು?"

"ಗುತ್ಯಮ್ಮನ ಮನೇದು ಅತ್ತೆ," ಎಂದಳು ದೀಪಶ್ರೀ, ಬೈಗುಳಕ್ಕೆ ಸಿದ್ಧಳಾಗಿ.

ಸರೋಜಮ್ಮ ಬೈಯಲಿಲ್ಲ. ಚಪ್ಪಲಿ ಮೆಟ್ಟಿ, ಹದಿನೈದು ವರ್ಷ ತುಳಿಯದ ಅಂಗಳಕ್ಕೆ ನೇರ ನಡೆದರು. ಕೊಟ್ಟಿಗೆಯ ಹಿಂದೆ, ಗೊಬ್ಬರಗುಂಡಿಯ ಅಂಚಿನಲ್ಲಿ, ಮೈತುಂಬ ಬಿಸಿಲು ಕುಡಿಯುತ್ತ ಒಂದು ನೆಲ್ಲಿ ಮರ ನಿಂತಿತ್ತು. ಗುತ್ಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಬಂದ್ರಾ ಸರೋಜಮ್ಮ? ಕೂರಿ," ಎಂದರು, ನಿನ್ನೆಯಷ್ಟೇ ಮಾತಾಡಿದ್ದವರ ಹಾಗೆ.

"ಈ ಮರ ಎಲ್ಲಿಂದ ಬಂತು ಗುತ್ಯಕ್ಕ?"

"ನಿಮ್ಮ ಬ್ಯಾಣದ್ದೇ. ಅಲ್ಲಿ ಉದುರಿದ ಕಾಯಿ ತಿಂದ ದನ ಕೊಟ್ಟಿಗೇಲಿ ಮೆಲುಕು ಹಾಕ್ತಾ ಬೀಜ ಉಗುಳಿದ್ವು. ಗುಡಿಸಿ ಗುಂಡಿಗೆ ಹಾಕಿದ್ದೆ, ಅಲ್ಲೇ ಹುಟ್ತು. ನೀವು ಬೇಲಿ ಹಾಕಿದ ವರ್ಷ. ನಂಗೂ ಸಿಟ್ಟಿತ್ತಲ್ಲ, ಕಿತ್ತು ಬಿಸಾಕಣ ಅಂತ ಕೈ ಹಾಕ್ದೆ." ಗುತ್ಯಮ್ಮ ಮರದ ಕಡೆ ನೋಡಿದರು. "ದುಗ್ಗಪ್ಪಗೌಡ್ರ ಮರದ್ದು ಅಲ್ವಾ ಅಂತ ಮನಸ್ಸೇ ಬರ್ಲಿಲ್ಲ."

ಸರೋಜಮ್ಮನ ಕಣ್ಣು ತುಂಬಿತು. ಅದನ್ನು ಮರೆಮಾಚಲು ಕೊಟ್ಟಿಗೆಯ ಕಡೆ ತಿರುಗಿದರು. ಒಂದೇ ಒಂದು ಕಂದು ಹಸು ಮಲಗಿ ಮೆಲುಕು ಹಾಕುತ್ತಿತ್ತು.

"ಇದೊಂದೇನಾ ಉಳಿದಿದ್ದು?"

"ಮೇಯಕ್ಕೆ ಜಾಗ ಬೇಕಲ್ಲ."

"ಬ್ಯಾಣದ ನೆತ್ತೀಲಿ ಇನ್ನೊಂಚೂರು ಹುಲ್ಲಿದೆ. ಬೇಲಿ ಬಿಚ್ಚಿಸ್ತೀನಿ, ಇದನ್ನ ಮೇಯಕ್ಕೆ ಬಿಡಿ. ರಾಜುಗೂ ಬರಬೇಡ ಅಂತೀನಿ. ಬೆಳೆದ ಮರ ಬೆಳ್ಕಳ್ಲಿ."

ಗುತ್ಯಮ್ಮ ಒಂದು ಹಿಡಿ ನೆಲ್ಲಿಕಾಯಿ ಕೊಯ್ದು ಕೊಟ್ಟು, ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದರು. ಸರೋಜಮ್ಮ ಕಾಯಿ ಅಗಿದರು. ಅದೇ ಒಗರು, ಅದೇ ಹುಳಿ. ನೀರನ್ನು ನಿಧಾನಕ್ಕೆ, ಗುಟುಕು ಗುಟುಕಾಗಿ ಕುಡಿದರು.

"ನಿಮ್ಮನೆ ನೀರು ಎಷ್ಟು ಸಿಹಿ ಗುತ್ಯಕ್ಕ."

ಗುತ್ಯಮ್ಮ ಹುಟ್ಟಿದಾಗಿನಿಂದ ನೆಲ್ಲಿಕಾಯಿ ತಿಂದವರು. ಆದರೂ ಕಣ್ಣರಳಿಸಿ, "ಹೌದಾ? ಇನ್ನೊಂದು ಚೊಂಬು ತರ್ಲಾ?" ಎಂದರು.