ಅರಮನೆ ಬಿಟ್ಟವರು

ಹೆಗಲು ಕೊಡುವ ಹಕ್ಕು ತನಗಿದೆಯೇ? ಶವಾಗಾರದ ಬಾಗಿಲಲ್ಲಿ ಚಟ್ಟದ ಹಿಂದಿನ ತುದಿಗೆ ಕೈ ಹಾಕಿದ ಮೇಲೂ ಚೇತನ್ ತೀರ್ಮಾನಿಸಿರಲಿಲ್ಲ. ಡಿಸೆಂಬರಿನಿಂದ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ದೊರೆಸ್ವಾಮಿ ಮೇಷ್ಟ್ರ ಜೊತೆ ಒಂದು ಮಾತೂ ಆಡದೆ ಇದ್ದವನು, ಆ ಮನುಷ್ಯ ಸತ್ತ ಮೇಲೆ ಭಾರ ಹೊತ್ತರೆ ಅದು ಯಾರಿಗಾಗಿ?

"ಹಿಡೀರಿ ಮಾರಾಯ್ರೆ, ನಿಂತು ಯೋಚನೆ ಮಾಡುದು ಎಂತ?" ಎಂದರು ದೇಜಪ್ಪ. ಮಸ್ಕತ್ತಿನ ಕನ್ನಡಿಗರಲ್ಲಿ ಯಾರು ತೀರಿಕೊಂಡರೂ ಎಂಬಸಿಯ ಕಾಗದದಿಂದ ಕಟ್ಟಿಗೆಯವರೆಗೆ ಓಡಾಡುವವರು ಅವರೇ. "ಸುಡುವ ಜಾಗ ಇರುದು ಸೋಹಾರಲ್ಲಿ, ಎರಡು ಗಂಟೆ ದಾರಿ. ಮಧ್ಯಾಹ್ನ ದಾಟಿದ್ರೆ ಕಟ್ಟಿಗೆಯವ ಖಲಾಸ್ ಅಂತ ಹೋಗಿಬಿಡ್ತಾನೆ."

ಚೇತನ್ ಎತ್ತಿದ. ಚಟ್ಟ ವ್ಯಾನಿನೊಳಗೆ ಸರಿಯಿತು. ಪಕ್ಕದಲ್ಲಿ ದೊರೆಸ್ವಾಮಿ ಮೇಷ್ಟ್ರ ಹೆಂಡತಿ ಪುಟ್ಟಲಕ್ಷ್ಮಮ್ಮ ಸೆರಗು ಹೊದ್ದು ನಿಂತಿದ್ದರು. ಹೆಂಗಸರು ಅಲ್ಲಿಂದಾಚೆಗೆ ಬರುವುದಿಲ್ಲ.

"ಸ್ಕೂಲಿಂದ ನೀವಾದ್ರೂ ಬಂದ್ರಲ್ಲ," ಎಂದರು. "ಉಳಿದೋರಿಗೆ ಪರೀಕ್ಷೆ ಕೆಲಸ ಇರ್ಬೇಕು. ಏನಾದ್ರೂ ತಿಂದ್ಕೊಂಡು ಬಂದ್ರಾ?"

ಜಗಳದ ವಿಷಯ ಮೇಷ್ಟ್ರು ಮನೆಯಲ್ಲಿ ಹೇಳಿಯೇ ಇಲ್ಲವೆಂದು ಚೇತನ್‌ಗೆ ಆಗ ತಿಳಿಯಿತು.

ಮಗ ತೇಜಸ್ವಿ ವ್ಯಾನಿನಲ್ಲಿ ಕೂತ. ಮೈಸೂರಿನಲ್ಲಿ ಓದುತ್ತಿದ್ದವನು ಹಿಂದಿನ ದಿನವಷ್ಟೇ ಬಂದಿಳಿದಿದ್ದ. ಚೇತನ್‌ಗೆ ಜಾಗ ಸಿಕ್ಕಿದ್ದು ಸಯೀದರ ಕಾರಿನಲ್ಲಿ. ಅಲ್ ಖೌದ್‌ನಲ್ಲಿ ಮೇಷ್ಟ್ರು ಬಾಡಿಗೆಗಿದ್ದ ಮನೆಯ ಯಜಮಾನರು ಅವರು. ಜಂಜಿಬಾರಿನಲ್ಲಿ ಹುಟ್ಟಿ, ಹುಡುಗನಾಗಿದ್ದಾಗ ಒಮಾನಿಗೆ ಮರಳಿದವರು.

\*

ಎಣ್ಣೆಯ ಬೆಲೆ ಬಿದ್ದ ಮೇಲೆ ಕಂಪನಿಗಳು ಜನರನ್ನು ಕಳಿಸತೊಡಗಿದವು. ಜನ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದರು. ಶಾಲೆಯಲ್ಲಿ ಬೆಂಚುಗಳು ಖಾಲಿಯಾದವು. ಕೆಲವು ಶಿಕ್ಷಕರು ತಾವಾಗಿಯೇ ರಾಜೀನಾಮೆ ಕೊಟ್ಟು ಮಾರ್ಚಿನಲ್ಲಿ ಹೊರಡಬೇಕೆಂದು ಆಡಳಿತ ಮಂಡಳಿ ಹೇಳಿತು. ಇತಿಹಾಸಕ್ಕೆ ಇದ್ದವರು ಇಬ್ಬರು, ದೊರೆಸ್ವಾಮಿ ಮತ್ತು ಚೇತನ್; ಉಳಿಯುವ ಹುದ್ದೆ ಒಂದು.

ಯಾರೂ ಸಹಿ ಹಾಕಬಾರದು, ಒಟ್ಟಿಗೆ ನಿಲ್ಲೋಣ ಎಂದು ಸಭೆ ಸೇರಿಸಿದವನು ಚೇತನ್. ದೊರೆಸ್ವಾಮಿ ಮೂಲೆಯಲ್ಲಿ ಕೂತು ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತ ಎಲ್ಲವನ್ನೂ ಕೇಳಿದರು. ಮರುದಿನ ಬೆಳಿಗ್ಗೆ ಮೊದಲ ಸಹಿ ಅವರದ್ದೇ ಆಗಿತ್ತು. ಆಮೇಲೆ ಚೇತನ್ ಬಿಟ್ಟು ಉಳಿದವರೂ ಒಬ್ಬೊಬ್ಬರಾಗಿ ಹಾಕಿದರು.

"ಮೇಷ್ಟ್ರೇ," ಎಂದ ಚೇತನ್ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು. "ಜಂಜಿಬಾರ್ ಬ್ರಿಟಿಷರನ್ನ ತಡೀಬಹುದಿತ್ತಾ ಅಂತ ಪ್ರತಿ ವರ್ಷ ಹುಡುಗರನ್ನ ಕೇಳ್ತೀರಲ್ಲ. ೧೮೯೬ರಲ್ಲಿ ಆ ಸುಲ್ತಾನನ ಅರಮನೆಯೋರು ಬ್ರಿಟಿಷರ ಯುದ್ಧದ ಹಡಗುಗಳ ಎದುರು ಮುಕ್ಕಾಲು ಗಂಟೆ ನಿಂತ್ರು. ನೀವು ಒಂದು ರಾತ್ರಿಗೇ ಹೆದರಿಬಿಟ್ರಿ."

ಯಾರೋ ನಕ್ಕರು. ದೊರೆಸ್ವಾಮಿ ಪೆನ್ನಿನ ಮುಚ್ಚಳ ಹಾಕಿದರು.

"ಮುಕ್ಕಾಲು ಗಂಟೆ ಪೂರ್ತಿ ಇಲ್ಲ ಕಣಪ್ಪ," ಎಂದಷ್ಟೇ ಹೇಳಿ ತರಗತಿಗೆ ಹೋದರು.

\*

ಸೋಹಾರಿನ ದಾರಿಯಲ್ಲಿ ಸುವೈಕ್ ಊರು ದಾಟಿತು. ಸಯೀದ್ ಇಂಗ್ಲಿಷಿನಲ್ಲಿ, ನಿಧಾನವಾಗಿ ಮಾತು ತೆಗೆದರು.

"ಪ್ರತಿ ಶುಕ್ರವಾರ ತಾರಸಿಯಲ್ಲಿ ನಮ್ಮಿಬ್ಬರದು ಅದೇ ಚರ್ಚೆ. ತಡೆಯಬಹುದಿತ್ತೇ? ಹಡಗು ಎಷ್ಟು, ಫಿರಂಗಿ ಎಷ್ಟು, ಜರ್ಮನರು ಕೈ ಹಿಡಿಯುತ್ತಿದ್ದರೇ. ನಿಮ್ಮ ಮೇಷ್ಟ್ರು ಎಲ್ಲ ಕೂಡಿ ಕಳೆದು ಆಗುತ್ತಿರಲಿಲ್ಲ ಅಂತಿದ್ದರು. ನಾನು ಆಗುತ್ತಿತ್ತು ಅಂತಿದ್ದೆ. ಯಾಕೆ ಗೊತ್ತೇ? ನನ್ನ ಮುತ್ತಜ್ಜ ಅರಮನೆಯ ಕಾವಲಿನವನು. ಹಡಗುಗಳು ಬಂದು ನಿಂತ ರಾತ್ರಿ ಹಿಂದಿನ ಬಾಗಿಲಿಂದ ಹೊರಟುಬಿಟ್ಟ. ಬೆಳಿಗ್ಗೆ ಅವನ ಜೊತೆಯವರು ಸತ್ತರು. ಆಗುತ್ತಿರಲಿಲ್ಲ ಅಂದರೆ ಅವನನ್ನು ಕ್ಷಮಿಸಿದ ಹಾಗೆ."

"ಮೇಷ್ಟ್ರಿಗೆ ಇದು ಗೊತ್ತಿತ್ತಾ?"

"ನಮ್ಮ ಮನೆಯ ಹೊರಗೆ ನಾನು ಹೇಳಿದ್ದು ಅವರೊಬ್ಬರಿಗೇ. ಡಿಸೆಂಬರಿನಲ್ಲಿ. ಅವರು ಕೇಳಿದ್ದು ಒಂದೇ ಪ್ರಶ್ನೆ: ಆಮೇಲೆ ಮನೆಯಲ್ಲಿ ಅವನು ಏನು ಹೇಳಿದ? ಏನೂ ಹೇಳಲಿಲ್ಲ ಅಂದೆ. ಸಾಯುವವರೆಗೂ ಲವಂಗದ ಗಿಡ ನೋಡಿಕೊಂಡಿದ್ದ."

ರಸ್ತೆಯಂಚಿನ ಖರ್ಜೂರದ ಮರಗಳ ಮೇಲೆ ಧೂಳು ಕೂತಿತ್ತು. ಚೇತನ್ ಕಿಟಕಿಯಿಂದ ಇತ್ತ ತಿರುಗಿ ಕೇಳಿದ.

"ಅವರು ಸಹಿ ಹಾಕಿದ್ದು ನನ್ನ ಕೆಲಸ ಉಳಿಯಲಿ ಅಂತಲಾ?"

"ನಾನೂ ಹಾಗೇ ಕೇಳಿದೆ. ನಕ್ಕರು. 'ಹಾಗೆ ಹೇಳಿಕೊಂಡರೆ ಚೆನ್ನಾಗಿರುತ್ತದೆ ಸಯೀದ್. ನನಗೆ ಸಾಕಾಗಿತ್ತು, ಅಷ್ಟೇ' ಅಂದರು."

\*

ಸೋಹಾರಿನಲ್ಲಿ ಗಾಳಿ ಇರಲಿಲ್ಲ. ಚಿತೆಗೆ ಬೆಂಕಿ ಹಿಡಿಯಲು ಹೊತ್ತಾಯಿತು. ದೇಜಪ್ಪ ತುಪ್ಪದ ಡಬ್ಬ ಕೆಳಗಿಟ್ಟು ಬೆವರು ಒರೆಸಿಕೊಂಡರು.

"ಈಗ ಕಳಿಸಿಕೊಡುವ ಕೆಲಸವೇ ಆಯ್ತು ನಂಗೆ," ಎಂದರು. "ಕೆಲವರನ್ನು ಏರ್‌ಪೋರ್ಟಿಗೆ, ಕೆಲವರನ್ನು ಇಲ್ಲಿಗೆ. ನನ್ನನ್ನು ಕಳಿಸ್ಲಿಕ್ಕೆ ಯಾರು ಉಳೀತಾರೋ."

ಒದ್ದೆ ಪಂಚೆಯಲ್ಲೇ ತೇಜಸ್ವಿ ಬಂದು ಗೋಡೆಯ ನೆರಳಿನಲ್ಲಿ ಚೇತನ್ ಪಕ್ಕ ಕೂತ.

"ಸರ್, ಒಂದು ಕೇಳ್ಲಾ? ಅಪ್ಪನ್ನ ಸ್ಕೂಲೋರು ಕಳಿಸಿದ್ರಾ, ಇಲ್ಲ ತಾವೇ ಬಿಟ್ರಾ? ಅಮ್ಮಂಗೆ ಕಳಿಸಿದ್ರು ಅಂತ ಹೇಳಿದಾರೆ. ನಂಗ್ಯಾಕೋ ನಂಬಿಕೆ ಬರ್ತಿಲ್ಲ."

ನಿಮ್ಮಪ್ಪ ನನಗಾಗಿ ಬಿಟ್ಟರು ಎಂಬ ಮಾತು ಚೇತನ್‌ನ ನಾಲಿಗೆಯ ತುದಿಗೆ ಬಂತು. ಹುಡುಗ ಅದನ್ನು ಮೈಸೂರಿಗೆ ಕೊಂಡೊಯ್ದು ಇಟ್ಟುಕೊಳ್ಳಬಹುದಿತ್ತು.

"ತಾವೇ ಬಿಟ್ರು," ಎಂದ. "ಸಾಕಾಗಿತ್ತು ಅಂದ್ರಂತೆ."

"ಹೆದರ್ಕೊಂಡ್ರಾ?"

"ನಾನು ಹಾಗಂತ ಅವರ ಮುಖಕ್ಕೇ ಅಂದೆ. ಎಲ್ಲರ ಮುಂದೆ."

ತೇಜಸ್ವಿ ತಿರುಗಿ ನೋಡಿದ. "ನೀವಾ?"

"ಹ್ಞೂಂ."

ಹುಡುಗ ಎದ್ದು ಹೋಗುತ್ತಾನೆ ಎಂದುಕೊಂಡ. ಅವನು ಏಳಲಿಲ್ಲ. ಮೊಣಕಾಲಿಗೆ ಕೈ ಸುತ್ತಿಕೊಂಡು ಬೆಂಕಿಯ ಕಡೆಗೇ ನೋಡುತ್ತ ಕೂತ.

"ಫೋನಲ್ಲಿ ನಿಮ್ಮನ್ನ ಹೊಗಳ್ತಿದ್ರು," ಎಂದ ಕೊನೆಗೆ. "ಚೇತನ್ ಒಬ್ಬನೇ ಬಗ್ಗಲಿಲ್ಲ ಅಂತ."

ಕಟ್ಟಿಗೆಯೊಂದು ಜಾರಿ ಕಿಡಿ ಎದ್ದಿತು. ದೇಜಪ್ಪ ಕೋಲಿನಿಂದ ಅದನ್ನು ಒಳಗೆ ತಳ್ಳಿದರು.

ಮೇಷ್ಟ್ರು ಸಹಿ ಹಾಕಿದ ಬೆಳಿಗ್ಗೆ ಮಂಡಳಿಯ ಕೋಣೆಯ ಹೊರಗೆ ಚೇತನ್ ಕೂಡ ನಿಂತಿದ್ದ, ಒಳಗೆ ಹೋಗಿ ಸಹಿ ಹಾಕಲೆಂದೇ. ದೊರೆಸ್ವಾಮಿ ಹೊರಬರುವುದನ್ನು ಕಂಡು, ಇನ್ನು ತಾನು ಹಾಕಬೇಕಿಲ್ಲವೆಂದು ವಾಪಸು ನಡೆದಿದ್ದ. ಅದನ್ನು ಅವನು ಯಾರಿಗೂ ಹೇಳಲಿಲ್ಲ.