ಮದಾರಬೀಯ ಒಂಟಿತೋಳಿನ ದೋಣಿ

ಮದಾರಬೀ ಹೊಳೆ ದಾಟಲೇಬೇಕಿತ್ತು. ಆಚೆ ದಂಡೆಯ ನಿಜಾಮನ ಸೀಮೆಯಲ್ಲಿ ಮಗಳು ಜುಬೇದಾಗೆ ದಿನ ತುಂಬುತ್ತಿತ್ತು, ಅದೂ ಚೊಚ್ಚಲು. ಸಿರುಗುಪ್ಪದ ಸುತ್ತಮುತ್ತ ಕಂಡವರ ಮಕ್ಕಳನ್ನೆಲ್ಲ ಹಿಡಿದ ಸೂಲಗಿತ್ತಿ ಹೆತ್ತ ಮಗಳ ಹೆರಿಗೆಗೇ ಇಲ್ಲವೆಂದರೆ ಆ ಕೈ ಇದ್ದೇನು ಫಲ?

ಆದರೆ ತುಂಗಭದ್ರೆಯ ಹರಿಗೋಲುಗಳ ಗುತ್ತಿಗೆಯೆಲ್ಲ ಮಾರೆಣ್ಣನದು. ಹೋದ ಮಳೆಗಾಲದಲ್ಲಿ ಅವನ ಹರಿಗೋಲು ಮಗುಚಿ ಮದಾರಬೀಯ ಗಂಡ ಫಕೀರಸಾಬ ನೀರುಪಾಲಾಗಿದ್ದ. ಊರಿಗೆ ಊರೇ ದೇವರ ಮೇಲೆ ಭಾರ ಹಾಕಿ ಬಾಯಿ ಮುಚ್ಚಿಕೊಂಡಿತು. ಹತ್ತು ಜನ ಕೂರುವಲ್ಲಿ ಇಪ್ಪತ್ತು ಜನರನ್ನು ತುಂಬಿದ್ದ ಎಂದು ತಹಶೀಲ್ದಾರರ ಮುಂದೆ ನಿಂತು ಹೇಳಿದವಳು ಇವಳೊಬ್ಬಳೇ.

“ಸುಳ್ಳು ಹೇಳಿದ್ನಿ ಅಂತ ನಾಕು ಮಂದಿ ಮುಂದ ಅನ್ನು, ಹತ್ತಿಸ್ಕೊಂತೀನಿ,” ಎಂದ ಮಾರೆಣ್ಣ.

“ನಾಲಿಗಿ ಸೀಳಿದ್ರೂ ಅನ್ನಂಗಿಲ್ಲ.”

“ಹಂಗಾರ ಈಜ್ಕೊಂತ ಹೋಗು.”

ದಂಡೆಯ ಮೇಲಿದ್ದವರು ಹಲ್ಲು ಕಿರಿದರು. ಮದಾರಬೀಗೆ ಮೈಯೆಲ್ಲ ಉರಿಯಿತು.

ತಮ್ಮ ಲಾಲಸಾಬ್ ಕೊಲಂಬೋ ಬಂದರಿನಲ್ಲಿ ಮೂಟೆ ಹೊತ್ತು ಬಂದವನು. ಅವನು ಅಂಗಳದ ಮಣ್ಣಿನಲ್ಲಿ ಗೀಚಿ ತೋರಿಸಿದ: ಸಪೂರ ದೋಣಿ, ಪಕ್ಕಕ್ಕೆ ಚಾಚಿದ ಎರಡು ಬೊಂಬು, ಅವುಗಳ ತುದಿಗೆ ತೇಲುವ ಒಂದು ದಿಮ್ಮಿ.

“ಸಮುದ್ರದಾಗೂ ಮಗಚಂಗಿಲ್ಲ ಆಪಾ ಇದು. ಆದ್ರ ನಾ ಕಂಡೀನಿ ಅಷ್ಟ, ಕಟ್ಟಿಲ್ಲ.”

“ಕಂಡಿದ್ದು ಸಾಕು ಬಿಡು.”

ಮದಾರಬೀಯ ಕೈಯಲ್ಲಿ ಐದು ಹೆರಿಗೆ ಮಾಡಿಸಿಕೊಂಡಿದ್ದ ಜಂಬಮ್ಮ, ತನ್ನ ಪಾಳುಬಾವಿಯ ಬಳಿ ಬಿದ್ದಿದ್ದ, ನೀರು ಹಾಯಿಸಲು ಕೊರೆದ ತಾಳೆಮರದ ಬೊಡ್ಡೆಯನ್ನು ಕೊಟ್ಟಳು. ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಸೋಜರ ಸಿಪಾಯಿಗಳು ಎಸೆದ ಪೆಟ್ಟಿಗೆಗಳ ಹಲಗೆಯಿಂದ ಅದರ ಎರಡೂ ಬಾಯಿ ಮುಚ್ಚಿ, ಸಂದಿಗೆ ಎಣ್ಣೆಯಲ್ಲಿ ಕಾಯಿಸಿದ ರಾಳ ಮೆತ್ತಿದರು. ದಿಮ್ಮಿಯ ಬದಲು ಬೇಲಿಯಲ್ಲಿ ಒಣಗಿ ಹಗುರಾಗಿದ್ದ ಕತ್ತಾಳೆಯ ಹೂದಂಡುಗಳನ್ನು ಕಂತೆ ಕಟ್ಟಿದರು. ತಿಪ್ಪೆಯನ್ನೇ ತೇಲಿಸುತ್ತಾಳಂತೆ ಎಂದು ಜನ ಆಡಿಕೊಂಡರು. ಆಡಿಕೊಳ್ಳಲಿ, ಬಾಯಿಗೇನು ಬಾಡಿಗೆಯೇ!

ಬಂಡಿಗೆ ಮೊಳೆ ಹೊಡೆದೇ ರೂಢಿಯಾದ ಊರಿನವನ ಬುದ್ಧಿ, ಲಾಲಸಾಬ್ ಬೊಂಬುಗಳನ್ನು ಮೊಳೆ ಹೊಡೆದು ಬಿಗಿದ. ನೀರಿಗಿಳಿಸಿದ ಮೊದಲ ದಿನವೇ ಅಲೆಯ ಹೊಡೆತಕ್ಕೆ ಮೊಳೆಗಳು ಕಿತ್ತು ಬಂದವು.

“ಆಕಡಿ ಸರಿ,” ಎಂದಳು ಮದಾರಬೀ. ಪುಂಡಿನಾರಿನ ಹಗ್ಗ ಹಿಡಿದು, ಹೊಕ್ಕಳುಬಳ್ಳಿ ಕಟ್ಟುವ ಬೆರಳಿನಿಂದ ತಾನೇ ಗಂಟು ಹಾಕಿದಳು. ಕೊಯ್ಯುವಷ್ಟು ಬಿಗಿಯಲ್ಲ, ಜಾರುವಷ್ಟು ಸಡಿಲವಲ್ಲ. ಈಗ ಅಲೆ ಬಂದರೆ ಬೊಂಬುಗಳು ತುಸು ಬಾಗಿ ಮತ್ತೆ ನೆಟ್ಟಗಾಗುತ್ತಿದ್ದವು.

ಮರುದಿನ ಬೆಳಿಗ್ಗೆ ಹರಿಗೋಲಿನಲ್ಲಿ ಬಂದವರು ಸುದ್ದಿ ತಂದರು: ಜುಬೇದಾಗೆ ನೋವು ಶುರುವಾಗಿತ್ತು. ಅಕ್ಕ ತಮ್ಮ ದೋಣಿ ನೂಕಿಯೇಬಿಟ್ಟರು.

ನಡುಹೊಳೆಯಲ್ಲಿ ಸಂದಿಯಿಂದ ನೀರು ಜಿನುಗತೊಡಗಿತು. ಲಾಲಸಾಬ್ ಮೊಗೆದು ಚೆಲ್ಲುತ್ತಿದ್ದ, ಮದಾರಬೀ ಹುಟ್ಟು ಹಾಕುತ್ತಿದ್ದಳು. ಜನ ತುಂಬಿದ್ದ ಹರಿಗೋಲನ್ನು ಮಾರೆಣ್ಣ ಹತ್ತಿರ ತಂದ.

“ಮುಳುಗ್ತೀ! ಸುಳ್ಳು ಹೇಳಿದ್ನಿ ಅನ್ನು, ಈಗ ಎತ್ಕೊಂತೀನಿ!”

ಮದಾರಬೀಗೆ ಭಯವಾಗಿತ್ತು. ಆದರೂ ಹರಿಗೋಲಿನಲ್ಲಿದ್ದ ಕಟ್ಟಕಡೆಯವನಿಗೂ ಕೇಳುವಂತೆ ಕೂಗಿದಳು:

“ಇಪ್ಪತ್ತು ಮಂದಿ ತುಂಬಿದ್ದಿ, ಮಾರೆಣ್ಣ! ನನ್ನ ಗಂಡನ್ನ ನೀನ ಮುಳುಗಿಸಿದಿ!”

ಹರಿಗೋಲಿನಲ್ಲಿ ಯಾರೂ ನಗಲಿಲ್ಲ. ಅವಳು ಹುಟ್ಟು ಬೀಸಿ ಮುಂದೆ ಸಾಗಿದಳು.

ಆಚೆ ದಂಡೆ ಮುಟ್ಟಿ ಒದ್ದೆ ಸೀರೆಯಲ್ಲೇ ಮನೆಯೊಳಗೆ ಬಂದ ತಾಯಿಯನ್ನು ಕಂಡು ಜುಬೇದಾ ನೋವನ್ನು ಹಲ್ಲಲ್ಲಿ ಕಚ್ಚಿ ಕೇಳಿದಳು:

“ಅಬ್ಬಾನ ಸಾವಿನ ಮಾತು ಸುಳ್ಳಂತ ಮಾರೆಣ್ಣನ ಮುಂದ ಹೇಳಿ ಬಂದ್ಯೇನಮ್ಮಾ?”

“ಇಲ್ಲ ಮಗಳ. ದೋಣಿ ಕಟ್ಕೊಂಡು ಬಂದೀನಿ.”

ಜುಬೇದಾ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.